ಮಳಿಗೆ ಬಾಡಿಗೆ: ವರ್ಷಕ್ಕೆ ಎಷ್ಟು ಏರಿಕೆ ಸಮಂಜಸ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಲವು ವರ್ತಕರು ಒಂದೆರಡು ಮಳಿಗೆಗಳ ಮಾಲೀಕರೂ ಆಗಿರುತ್ತಾರೆ. ವೃದ್ಧಾಪ್ಯದಲ್ಲಿ ಆ ಬಾಡಿಗೆಯೇ ಅವರಿಗೆ ನಿವೃತ್ತಿ ವೇತನ. ಆದರೂ ಏರಿಕೆಯನ್ನು ಲೆಕ್ಕ ಹಾಕಿ ನಿರ್ಧರಿಸುವವರು ವಿರಳ. ದಾಕ್ಷಿಣ್ಯದಿಂದ ಹಲವು ವರ್ಷ ಸುಮ್ಮನಿದ್ದು, ಒಮ್ಮೆಲೇ ದುಪ್ಪಟ್ಟು ಕೇಳಿ ಮನಸ್ತಾಪ ತಂದುಕೊಳ್ಳುವುದೇ ಹೆಚ್ಚು.

ಕಾನೂನಿನ ಸ್ಥಿತಿ: 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಕರಾರುಪತ್ರವೇ ಆಧಾರ. ಅದರಲ್ಲಿ ಏರಿಕೆಯ ಷರತ್ತಿಲ್ಲದಿದ್ದರೆ ಅವಧಿಯ ನಡುವೆ ಮಾಲೀಕನು ಏಕಪಕ್ಷೀಯವಾಗಿ ಬಾಡಿಗೆ ಹೆಚ್ಚಿಸುವಂತಿಲ್ಲ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ.

ಕನಿಷ್ಠ ಎಷ್ಟು? ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ. 4. ಬೆಲೆಗಳು ಆ ಪ್ರಮಾಣದಲ್ಲಿ ಏರುವ ವರ್ಷ ಬಾಡಿಗೆ ಅದಕ್ಕಿಂತ ಕಡಿಮೆ ಏರಿದರೆ ಮಾಲೀಕನ ನೈಜ ಆದಾಯ ಕುಗ್ಗುತ್ತದೆ. ಮಲೆನಾಡಿನ ಮಳೆಗೆ ಛಾವಣಿಯ ದುರಸ್ತಿ ತಪ್ಪಿದ್ದಲ್ಲ. ಪುರಸಭಾ ತೆರಿಗೆ ಕಳೆದ ಬಾಡಿಗೆಯಲ್ಲಿ ಶೇ. 30ರಷ್ಟನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದು. ದುರಸ್ತಿಗೆ ಅದಕ್ಕೂ ಮೀರಿ ವೆಚ್ಚವಾದರೆ ಬೇರೆ ರಿಯಾಯಿತಿ ಇಲ್ಲ.

ಗರಿಷ್ಠ ಎಷ್ಟು? ಮಾಸಿಕ ರೂ. 10,000 ಬಾಡಿಗೆಯು ಐದು ಏರಿಕೆಗಳ ನಂತರ ಶೇ. 5ರಂತೆ ರೂ. 12,763, ಶೇ. 10ರಂತೆ ರೂ. 16,105 ಆಗುತ್ತದೆ. ಬಾಡಿಗೆದಾರನ ವಹಿವಾಟೂ ಅಷ್ಟು ಬೆಳೆದಿದೆಯೇ? ನಮ್ಮ ಪೇಟೆಗಳ ವ್ಯಾಪಾರ ಅಡಿಕೆಯನ್ನು ಅವಲಂಬಿಸಿದೆ. ಧಾರಣೆ ಕುಸಿದಾಗ, ಎಲೆಚುಕ್ಕೆ ರೋಗ ತೋಟಕ್ಕೆ ತಗಲಿದಾಗ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬರಿದಾಗುತ್ತದೆ.

ಖಾಲಿ ಮಳಿಗೆಯ ನಷ್ಟ: ಮೊದಲ ವರ್ಷ ಶೇ. 5ಕ್ಕೂ ಶೇ. 10ಕ್ಕೂ ಇರುವ ವ್ಯತ್ಯಾಸ ತಿಂಗಳಿಗೆ ರೂ. 500. ಅದಕ್ಕಾಗಿ ಪಟ್ಟು ಹಿಡಿದು, ಬಾಡಿಗೆದಾರ ಬಿಟ್ಟುಹೋಗಿ ಮಳಿಗೆ ಎರಡು ತಿಂಗಳು ಖಾಲಿ ಉಳಿದರೆ ರೂ. 21,000 ನಷ್ಟ. ಇದು ಆ ವ್ಯತ್ಯಾಸದ 42 ತಿಂಗಳ ಮೊತ್ತಕ್ಕೆ ಸಮ. ಕ್ರಮವಾಗಿ ಬಾಡಿಗೆ ಕೊಡುವವನನ್ನು ಉಳಿಸಿಕೊಳ್ಳುವುದೂ ಗಳಿಕೆಯೇ.

ಆದ್ದರಿಂದ ಕರಾರಿನಲ್ಲಿ ಈ ಅಂಶಗಳಿರಲಿ:

1. ವಾರ್ಷಿಕ ಏರಿಕೆ ಶೇ. 5, ಅಥವಾ ಗ್ರಾಹಕ ಬೆಲೆ ಸೂಚ್ಯಂಕದಂತೆ, ಶೇ. 4ರಿಂದ 7ರ ಮಿತಿಯೊಳಗೆ.
2. ಏರಿಕೆಯ ಲೆಕ್ಕ ಮೂಲ ಬಾಡಿಗೆಯ ಮೇಲೋ, ಹಿಂದಿನ ವರ್ಷದ ಬಾಡಿಗೆಯ ಮೇಲೋ ಎಂಬುದು.
3. ಏರಿಕೆ ಏಪ್ರಿಲ್ 1ರಿಂದ ಜಾರಿ. ಮಳೆಗಾಲದ ಮಂದ ವ್ಯಾಪಾರದಲ್ಲಿ ಬೇಡ.
4. ದುರಸ್ತಿ ಹಾಗೂ ಜಿಎಸ್‌ಟಿ ಯಾರ ಹೊಣೆ ಎಂಬುದು.
5. ಅವಧಿ ಮುಗಿದಾಗ ಪೇಟೆಯ ದರದಂತೆ ಮರುಪರಿಶೀಲನೆ.

ಬರೆದಿಟ್ಟ ಸಣ್ಣ ಏರಿಕೆಯನ್ನು ಬಾಡಿಗೆದಾರನು ಮುಂಚೆಯೇ ತನ್ನ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾನೆ. ಹೇಳದೆ ಬಂದ ದೊಡ್ಡ ಏರಿಕೆಗೆ ಬೇರೆ ಮಳಿಗೆ ಹುಡುಕುತ್ತಾನೆ.