ಉಪಗ್ರಹ ತಾನೇ ಟೈಮ್‌ಟೇಬಲ್ ಹಾಕಿಕೊಂಡರೆ?

ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಸೆಕೆಂಡಿಗೆ 7.6 ಕಿ.ಮೀ. ವೇಗದಲ್ಲಿ ಓಡುತ್ತೆ. ಕೆಳಗಿನ ಒಂದು ಊರು ಅದರ ಕ್ಯಾಮೆರಾಕ್ಕೆ ಸಿಗೋದು ಕೆಲವೇ ನಿಮಿಷ. ಯಾವ ಜಾಗದ ಚಿತ್ರ ತೆಗೀಬೇಕು, ಯಾವುದನ್ನು ಬಿಡಬೇಕು ಅನ್ನೋದೇ ಶೆಡ್ಯೂಲಿಂಗ್.

ಒಂದು ಚಿಕ್ಕ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಅ: 0ನೇ ಸೆಕೆಂಡ್, 8 ಅಂಕ
ಬ: 15ನೇ ಸೆಕೆಂಡ್, 10 ಅಂಕ
ಕ: 30ನೇ ಸೆಕೆಂಡ್, 7 ಅಂಕ

ಒಂದು ಗುರಿಯಿಂದ ಇನ್ನೊಂದಕ್ಕೆ ತಿರುಗಿ ನಿಲ್ಲಲು 20 ಸೆಕೆಂಡ್ ಬೇಕು. ಹೆಚ್ಚು ಅಂಕ ಇದೆ ಅಂತ ‘ಬ’ ಹಿಡಿದರೆ ಉಳಿದೆರಡೂ ಕೈತಪ್ಪುತ್ತವೆ. ಅ, ಕ ಎರಡನ್ನೂ ಆರಿಸಿದರೆ 15 ಅಂಕ. ಅಂದರೆ ಗ್ರೀಡಿ ವಿಧಾನ ಇಲ್ಲಿ ಸೋಲುತ್ತೆ.

ಇಂಥ ಪಟ್ಟಿಯನ್ನು ಸಾಮಾನ್ಯವಾಗಿ ನೆಲದ ಕೇಂದ್ರದಲ್ಲೇ ಮಾಡಿ ಮೊದಲೇ ಕಳಿಸ್ತಾರೆ. ಆದರೆ ಭೂಮಿಯ ಮೂರರಲ್ಲಿ ಎರಡು ಪಾಲು ಸರಾಸರಿ ಮೋಡದಡಿ ಇರುತ್ತೆ. ಪ್ರವಾಹದ ಚಿತ್ರಕ್ಕೆ ಕಾದವರಿಗೆ ಬರೀ ಬಿಳಿ ಮೋಡ ಸಿಕ್ಕರೆ ಬ್ಯಾಟರಿ, ಮೆಮೊರಿ ಎಲ್ಲಾ ದಂಡ. ‘ಅ’ ಮೇಲೆ ಮೋಡ ಇದೆ ಅಂತ ಮೊದಲೇ ಗೊತ್ತಾದರೆ ‘ಬ’ ತೆಗೆಯೋದೇ ಲಾಭ.

ಇದು ಬರೀ ಕಲ್ಪನೆಯಲ್ಲ. ನಾಸಾದ ಇಒ-1 ಉಪಗ್ರಹ 2004ರಲ್ಲಿ ಅಂಟಾರ್ಕ್ಟಿಕಾದ ಎರೆಬಸ್ ಜ್ವಾಲಾಮುಖಿಯ ಶಾಖವನ್ನು ತಾನೇ ಗುರುತಿಸಿ, ಮತ್ತೆ ಚಿತ್ರ ತೆಗೆಯಲು ತನ್ನ ಯೋಜನೆ ಬದಲಿಸಿತು. ಅದರ ಪ್ರೊಸೆಸರ್ ಬರೀ 12 ಮೆಗಾಹರ್ಟ್ಸ್! ಹಾಗಾಗಿ ಅದರ ‘ಕ್ಯಾಸ್ಪರ್’ ತಂತ್ರಾಂಶ ಇಡೀ ಪಟ್ಟಿಯನ್ನು ಹೊಸದಾಗಿ ಬರೆಯದೆ, ತೊಡಕಾದ ಜಾಗವನ್ನಷ್ಟೇ ರಿಪೇರಿ ಮಾಡುತ್ತಿತ್ತು. 2025ರ ಜುಲೈನಲ್ಲಿ ಬ್ರೀಫ್‌ಕೇಸ್ ಗಾತ್ರದ ಕಾಗ್ನಿಸ್ಯಾಟ್-6 ಮುಂದಕ್ಕೆ ಬಾಗಿ ಸುಮಾರು 500 ಕಿ.ಮೀ. ದೂರದ ಮೋಡ ನೋಡಿ, ಒಂದೂವರೆ ನಿಮಿಷದೊಳಗೆ ಎಲ್ಲಿಗೆ ಗುರಿಯಿಡಬೇಕು ಅಂತ ತೀರ್ಮಾನಿಸಿತು.

ಈಗ ಅದೇ ದಾರಿಯಲ್ಲಿ ಹಿಂದೆ ಇನ್ನೊಂದು ಉಪಗ್ರಹ ಬರ್ತಿದೆ ಅಂತಿಟ್ಟುಕೊಳ್ಳಿ. ನೆಲದ ಹಂಚಿಕೆ ಹೀಗಿದೆ: ಮೊದಲನೆಯದಕ್ಕೆ ಅ, ಕ; ಎರಡನೆಯದಕ್ಕೆ ಬ. ಒಟ್ಟು 25 ಅಂಕ. ‘ಅ’ ಮೇಲೆ ಮೋಡ ಬಂತು. ಮೊದಲನೆಯದು ತನ್ನ ಲಾಭವಷ್ಟೇ ನೋಡಿ ‘ಬ’ಗೆ ಹಾರಿದರೆ, ಎರಡನೆಯದೂ ಅದನ್ನೇ ತೆಗೆಯುತ್ತೆ. ಸಿಗೋದು ಒಂದೇ ಜಾಗ, 10 ಅಂಕ. ‘ಬ’ ಹಿಂದಿನವನ ಪಾಲು ಅಂತ ನೆನಪಿಟ್ಟು ‘ಕ’ ತೆಗೆದರೆ 17.

ಸಮೂಹದ ಉಪಗ್ರಹಕ್ಕೆ ತನ್ನ ಪಟ್ಟಿಯ ಜೊತೆ ಪಕ್ಕದವನ ಪಟ್ಟಿಯೂ ಗೊತ್ತಿರಬೇಕು ಅನ್ನೋದು ಇದಕ್ಕೇ. ಈಗ ನೀವೇ ಬಿಡಿಸಿ ನೋಡಿ: ಮೋಡ ಕವಿದದ್ದು ‘ಬ’ ಮೇಲಾದರೆ ಎರಡನೆಯದು ಏನು ಮಾಡಬೇಕು?