ತಾಯಿ ಇರುವ ಮಗು ಅನಾಥಾಲಯಕ್ಕೆ ಏಕೆ?

ಮನೆಯ ಯಜಮಾನ ತೀರಿಕೊಂಡ ವರ್ಷ ಒಕ್ಕಲುತನ ಹೇಗೆ ಕುಸಿಯುತ್ತದೆಂಬುದು ನಮಗೆಲ್ಲ ತಿಳಿದದ್ದೇ. ಬೋರ್‌ವೆಲ್ ಸಾಲ ಹಾಗೇ ನಿಂತಿರುತ್ತದೆ, ಎಲೆಕೋಸಿಗೆ ಬೆಲೆ ಬಂದಿರುವುದಿಲ್ಲ. ಮಣ್ಣು ಮಾಡಿ ತಿಂಗಳಾಗುವುದರೊಳಗೆ ನೆಂಟರು ತಾಯಿಗೆ ಹೇಳುವುದು ಒಂದೇ ಮಾತು: "ದೊಡ್ಡವನನ್ನು ಕೆಲಸಕ್ಕೆ ಕಳಿಸವ್ವ, ಚಿಕ್ಕವರನ್ನು ಅನಾಥಾಲಯಕ್ಕೆ ಸೇರಿಸು." ಹಾಗೆ ಸ್ವಾಮಿಗಳ ಬಳಿ ಬಂದವರಿಗೆ ನಾವೂ ಹಿಂದೆ ಚೀಟಿ ಬರೆದುಕೊಟ್ಟದ್ದುಂಟು. ಬೇರೆ ದಾರಿ ಗೊತ್ತಿರಲಿಲ್ಲ.

ದಾರಿ ಇದೆ. 2015ರ ಬಾಲನ್ಯಾಯ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇದೆ: ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಹೆಂಗಸು. ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ನಮ್ಮ ತಾಳವಾಡಿ ಕಡೆಯವರಿಗೆ ಇದು ಈರೋಡಿನಲ್ಲಿ. ದಿಂಬಂ ಘಟ್ಟದ 27 ತಿರುವು ಇಳಿದು ಹೋಗಬೇಕು, ಅರ್ಜಿ ತಮಿಳಿನಲ್ಲಿ ಬರೆಯಬೇಕು. ಕನ್ನಡ ಮಾತ್ರ ಬಲ್ಲ ತಾಯಿ ಒಬ್ಬಳೇ ಹೋದರೆ ಬಾಗಿಲಲ್ಲೇ ಹಿಂಜರಿಯುತ್ತಾಳೆ. ತಮಿಳು ಬಲ್ಲ ಯುವಕರಲ್ಲಿ ಒಬ್ಬರು ಜೊತೆಗೆ ಹೋದರೆ ಅರ್ಧ ಕೆಲಸ ಮುಗಿದಂತೆ.

ಆದರೆ ಹೋಗುವುದಕ್ಕೇ ಅಂಜಿಕೆ. ಮಕ್ಕಳ ರಕ್ಷಣೆಯವರೆಂದರೆ ಮಗುವನ್ನು ಎತ್ತಿಕೊಂಡು ಹೋಗುವವರು ಎಂದೇ ನಮ್ಮ ಜನ ತಿಳಿದಿದ್ದಾರೆ. ಮಗುವನ್ನು ಜೀತಕ್ಕಿಟ್ಟ ಕಡೆ, ಕುಡಿದು ಬಡಿಯುವ ಕಡೆ, ಎಳೆಯ ಹುಡುಗಿಗೆ ಮದುವೆ ಗೊತ್ತುಮಾಡಿದ ಕಡೆ ಅವರು ಮಧ್ಯೆ ಬರುತ್ತಾರೆ, ಬರಲೇಬೇಕು. ಉಳಿದಂತೆ ಕಾಯಿದೆಯ 3ನೇ ಕಲಮೇ ಹೇಳುತ್ತದೆ: ಮಗುವನ್ನು ಸಾಕುವ ಮೊದಲ ಹೊಣೆ ಮನೆಯವರದು, ಸಂಸ್ಥೆಗೆ ಸೇರಿಸುವುದು ಬೇರೆ ಯಾವ ಉಪಾಯವೂ ಉಳಿಯದಿದ್ದಾಗ ಮಾತ್ರ.

ಅದಕ್ಕಾಗಿಯೇ ಸ್ಪಾನ್ಸರ್‌ಶಿಪ್ ಎಂಬ ಸಹಾಯ. 2022ರ ಮಿಷನ್ ವಾತ್ಸಲ್ಯ ನಿಯಮಗಳಂತೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆಯಾಗಿದ್ದರೆ ಅಥವಾ ಗಂಡ ಬಿಟ್ಟುಹೋಗಿದ್ದರೆ, ತಂದೆತಾಯಿ ಇಬ್ಬರೂ ಇಲ್ಲದೆ ಮಗು ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಬೆಳೆಯುತ್ತಿದ್ದರೆ, ಹೆತ್ತವರಿಗೆ ಪ್ರಾಣಾಂತಿಕ ಕಾಯಿಲೆಯಿದ್ದರೆ ಕೇಳಬಹುದು. ತೆಂಗಿನ ಮರದಿಂದ ಬಿದ್ದು ಸೊಂಟ ಹೋಗಿ ದುಡಿಯಲಾರದ ತಂದೆಯ ಮಕ್ಕಳಿಗೂ ಕೇಳಬಹುದು, ಇದು ಅನೇಕರಿಗೆ ಗೊತ್ತಿಲ್ಲ. ಹಳ್ಳಿಯಲ್ಲಾದರೆ ಮನೆಯ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಮಗು ಶಾಲೆ ಬಿಡಬಾರದು. ಅಧಿಕಾರಿಗಳು ಮನೆಗೆ ಬಂದು ನೋಡುತ್ತಾರೆ, ಜಿಲ್ಲೆಯ ಸಮಿತಿ ಒಪ್ಪಬೇಕು, ಆದ್ದರಿಂದ ತಾಳ್ಮೆ ಬೇಕು. ಸಾಲ ತೀರಿಸಲು ಈ ಹಣ ಸಾಲದು. ಮಗುವಿನ ಊಟ, ಪುಸ್ತಕ, ಬಟ್ಟೆಗೆ ಆದೀತು.

ಘಟ್ಟ ಇಳಿಯುವ ಮೊದಲು 1098ಕ್ಕೆ ಫೋನು ಮಾಡಿ ವಿಚಾರಿಸಬಹುದು. ಹಗಲು ರಾತ್ರಿ ನಡೆಯುತ್ತದೆ, ಕಾಸಿಲ್ಲ. 1996ರಲ್ಲಿ ಮುಂಬಯಿಯಲ್ಲಿ ಶುರುವಾದ ಸೇವೆ ಇದು.

ಕಾಗದಗಳು: ಮಗುವಿನ ಮತ್ತು ತಾಯಿಯ ಆಧಾರ್, ಶಾಲೆಯ ದೃಢೀಕರಣ, ಬ್ಯಾಂಕ್ ಪಾಸ್‌ಬುಕ್, ತಾಲ್ಲೂಕು ಕಚೇರಿಯ ಆದಾಯ ಪತ್ರ, ತಂದೆಯ ಮರಣ ಪತ್ರ. ಬಹುಮಂದಿ ಸಿಕ್ಕಿಕೊಳ್ಳುವುದು ಕೊನೆಯದರಲ್ಲೇ. ಸ್ವಾಮಿಗಳ ಪುಸ್ತಕದಲ್ಲಿ ಸಮಾಧಿ ಬರೆದಾಯಿತು, ಅಷ್ಟೇ ಸಾಕು ಎಂದುಕೊಂಡಿರುತ್ತೇವೆ. ಕಚೇರಿಯಲ್ಲಿ ಅದು ನಡೆಯುವುದಿಲ್ಲ. ಸಾವಾದ 21 ದಿನದೊಳಗೆ ಸರ್ಕಾರಿ ದಾಖಲೆಯಲ್ಲಿ ಬರೆಸಬೇಕು. ಆಮೇಲೆ ಬರೆಸಬಹುದಾದರೂ ದಂಡ ಮತ್ತು ಓಡಾಟ ಹೆಚ್ಚು.