ದಶಮಾಂಶದ ಪಾಠ: ಎರಡು ಬಿಂದುಗಳ ಲೆಕ್ಕ



ಹಾಲಿನ ಚೀಟಿ, ಗೊಬ್ಬರದ ರಸೀದಿ, ಜಮೀನಿನ ಪಹಣಿ, ಇವೆಲ್ಲದರಲ್ಲಿಯೂ ಅಂಕಿಗಳ ನಡುವೆ ಒಂದು ಬಿಂದು ಇರುತ್ತದೆ. ಅದನ್ನು ಓದುವ ಕ್ರಮ ತಿಳಿಯದಿದ್ದರೆ ನಷ್ಟ ನಮಗೇ.

ಮೊದಲು ರೂಪಾಯಿಯನ್ನೇ ನೋಡಿ. ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದವು. 1957ನೇ ಇಸವಿ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಯಾಯಿತು. ಹೀಗೆ ಹತ್ತು, ನೂರು, ಸಾವಿರ ಪಾಲು ಮಾಡಿ ಬರೆಯುವುದೇ ದಶಮಾಂಶ ಪದ್ಧತಿ. ಬಿಂದುವಿನ ಎಡಗಡೆ ಇರುವುದು ಪೂರ್ಣ ಸಂಖ್ಯೆ. ಬಲಗಡೆಯ ಮೊದಲನೆಯ ಸ್ಥಾನ ದಶಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು. ಎರಡನೆಯದು ಶತಾಂಶ, ನೂರರಲ್ಲಿ ಒಂದು ಪಾಲು. ಮೂರನೆಯದು ಸಹಸ್ರಾಂಶ, ಸಾವಿರದಲ್ಲಿ ಒಂದು ಪಾಲು.

ಆದುದರಿಂದ 4.5 ಮತ್ತು 4.05 ಒಂದೇ ಅಲ್ಲ. 4.5 ಲೀಟರ್ ಹಾಲೆಂದರೆ ನಾಲ್ಕೂವರೆ ಲೀಟರ್. 4.05 ಎಂದರೆ ನಾಲ್ಕು ಲೀಟರಿನ ಮೇಲೆ 50 ಮಿಲಿಲೀಟರ್ ಮಾತ್ರ. ಲೀಟರಿಗೆ 30 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಹೊತ್ತಿನ ಹಾಲಿನಲ್ಲೇ 13 ರೂಪಾಯಿ 50 ಪೈಸೆ ವ್ಯತ್ಯಾಸ! ಬಿಂದುವಿನ ಬಲಗಡೆ ಕೊನೆಗೆ ಸೊನ್ನೆ ಸೇರಿದರೆ ಬೆಲೆ ಬದಲಾಗದು, 4.5 ಮತ್ತು 4.50 ಸಮ. ಬಿಂದುವಿನ ಪಕ್ಕದಲ್ಲೇ ಸೊನ್ನೆ ಸೇರಿದರೆ ಬೆಲೆ ಇಳಿಯುತ್ತದೆ.

ಪಹಣಿಯ ಬಿಂದುವಿನ ವಿಷಯ ಬೇರೆ. ಅಲ್ಲಿ 2.20 ಎಂದರೆ 2 ಎಕರೆ 20 ಗುಂಟೆ. ಇದು ದಶಮಾಂಶವಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗುರುತು ಅಷ್ಟೆ. ಎಕರೆಗೆ 40 ಗುಂಟೆಯಾದ್ದರಿಂದ 20 ಗುಂಟೆ ಅರ್ಧ ಎಕರೆ. ದಶಮಾಂಶದಲ್ಲಿ ಅದನ್ನು 2.5 ಎಕರೆ ಎಂದು ಬರೆಯಬೇಕು. ಎಕರೆಗೆ 50 ಕಿಲೋ ಗೊಬ್ಬರದಂತೆ ಲೆಕ್ಕ ಹಾಕುವಾಗ 2.20ರಿಂದ ಗುಣಿಸಿದರೆ 110 ಕಿಲೋ ಬರುತ್ತದೆ. ಸರಿಯಾದ ಲೆಕ್ಕ 125 ಕಿಲೋ.

ಕೂಡುವಾಗಲೂ ಎಚ್ಚರಿಕೆ ಬೇಕು. ಅಣ್ಣನದು 1.30, ತಮ್ಮನದು 1.30 ಎಂದಿರಲಿ. ಯಂತ್ರದಲ್ಲಿ ಕೂಡಿದರೆ 2.60 ಎಂದು ತೋರಿಸುತ್ತದೆ. 60 ಗುಂಟೆಯೆಂದರೆ 1 ಎಕರೆ 20 ಗುಂಟೆ. ಆದುದರಿಂದ ಒಟ್ಟು ಜಮೀನು 3 ಎಕರೆ 20 ಗುಂಟೆ. ಪಾಲುಪಟ್ಟಿ ಮಾಡುವಾಗಲೂ ಕ್ರಯಪತ್ರ ಬರೆಸುವಾಗಲೂ ಇದನ್ನು ಮರೆಯಬೇಡಿ.

ನೆನಪಿಡಬೇಕಾದ ಸೂತ್ರ ಒಂದೇ: ಗುಂಟೆಯನ್ನು 40ರಿಂದ ಭಾಗಿಸಿದರೆ ಎಕರೆಯ ದಶಮಾಂಶ ಸಿಗುತ್ತದೆ. 10 ಗುಂಟೆ 0.25, 20 ಗುಂಟೆ 0.50, 30 ಗುಂಟೆ 0.75. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಲೆಕ್ಕ ಬಲ್ಲ ಹಿರಿಯರಿಗೆ ಇದು ಹೊಸದೇನಲ್ಲ.

ಇಂದು ಸಂಜೆ ನಿಮ್ಮ ಪಹಣಿಯನ್ನು ತೆಗೆದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಜಮೀನು ದಶಮಾಂಶದಲ್ಲಿ ಎಷ್ಟು ಎಕರೆಯೆಂದು ಬರೆದು ನೋಡಿ.